ಸಲಹೆ ಕೊಡೋರು ಊರೆಲ್ಲಾ ಇದ್ದಾರೆ, ಹೆಸರು ಹೇಳೋರು ಎಲ್ಲಿ? ಡಾಕ್ಟರ್, ಸೈಂಟಿಸ್ಟ್ ಆಗೋ ನಮ್ಮ ಹುಡುಗಿಯರ ಮೆಂಟರಿಂಗ್ ಕಥೆ

ಪ್ರತಿ ವರ್ಷ ನೀಟ್ ರಿಸಲ್ಟ್ ಬಂದ ಮೇಲೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್ ಸಾಲುಸಾಲಾಗಿ ಬರತ್ತೆ, "ಮೇಡಂ ಪ್ಲೀಸ್ ಗೈಡ್ ಮಾಡಿ" ಅಂತ. ನಾನು ಕೊಡಗಿನ ಗೋಣಿಕೊಪ್ಪ ಕಡೆ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡೋಳು, ಹಳೇ ಸ್ಟೂಡೆಂಟ್ಸ್ ಈಗ ಎಂಬಿಬಿಎಸ್, ನರ್ಸಿಂಗ್, ಫಾರೆಸ್ಟ್ರಿ, ಎಂಎಸ್ಸಿ ಅಂತ ಎಲ್ಲೆಲ್ಲೋ ಇದ್ದಾರೆ. ಅದೇ ಹುಡುಗಿಯರು ಐದಾರು ವರ್ಷ ಬಿಟ್ಟು ಮತ್ತೆ ಮೆಸೇಜ್ ಮಾಡ್ತಾರೆ, ಆಗ ಪ್ರಶ್ನೆಗಳೇ ಬೇರೆ. ಪಿಜಿಗೆ ಸರ್ಜರಿ ತಗೊಳ್ಳೋದಾ ಬೇಡ್ವಾ, ಮನೇಲಿ ಮದುವೆ ಅಂತಿದ್ದಾರೆ ಪಿಎಚ್‌ಡಿಗೆ ಸೇರೋದಾ, ಆರು ತಿಂಗಳು ಕೆಲಸ ಮಾಡಿದ್ದೀನಿ ಪೇಪರಲ್ಲಿ ನನ್ನ ಹೆಸರೇ ಇಲ್ಲ ಏನ್ ಮಾಡೋದು. ಇದಕ್ಕೆಲ್ಲ ಪಿಯು ಲೆಕ್ಚರರ್ ಹತ್ರ ಉತ್ತರ ಎಲ್ಲಿಂದ ಬರಬೇಕು, ಉತ್ತರ ಇರೋದು ಆ ದಾರೀಲಿ ಈಗಾಗ್ಲೇ ನಡೆದು ಹೋದವರ ಹತ್ರ, ಅವರನ್ನ ಹುಡುಕೋದು ಹೇಗೆ, ಹುಡುಕಿದ ಮೇಲೆ ಏನು ಕೇಳೋದು ಅನ್ನೋದೇ ದೊಡ್ಡ ಗೊಂದಲ. ಅದಕ್ಕೆ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಗೈಡ್ ಬೇರೆ, ಮೆಂಟರ್ ಬೇರೆ. ಗೈಡ್ ಅಂದ್ರೆ ಯೂನಿವರ್ಸಿಟಿ ಕಾಗದದ ಮೇಲೆ ಹೆಸರು ಬರೆದು ಕೊಟ್ಟಿರೋರು, ನಿಮ್ಮ ಥೀಸಿಸ್‌ಗೆ ಸೈನ್ ಹಾಕೋರು, ಅವರ ಜವಾಬ್ದಾರಿ ಥೀಸಿಸ್ ಮುಗಿಯೋ ತನಕ. ಅದೃಷ್ಟ ಇದ್ರೆ ಅವರೇ ಮೆಂಟರ್ ಕೂಡ ಆಗ್ತಾರೆ, ಆದ್ರೆ ಆಗಲೇಬೇಕು ಅಂತೇನಿಲ್ಲ. ಮೆಂಟರ್‌ಗೆ ನಿಮ್ಮ ಥೀಸಿಸ್‌ಗಿಂತ ನೀವು ಮುಖ್ಯ, ಅಂದ್ರೆ ಇನ್ನು ಹತ್ತು ವರ್ಷ ಆದ ಮೇಲೆ ನೀವು ಎಲ್ಲಿರ್ತೀರಿ ಅನ್ನೋದು ಮುಖ್ಯ. ಅಮೆರಿಕದ ಕ್ಯಾಥಿ ಕ್ರಾಮ್ ಅನ್ನೋ ಸಂಶೋಧಕಿ 1980ರ ದಶಕದಲ್ಲಿ ಈ ಸಂಬಂಧಗಳನ್ನ ಕೂತು ಸ್ಟಡಿ ಮಾಡಿ ಎರಡು ಭಾಗ ಮಾಡಿದ್ರು. ಒಂದು ಕೆರಿಯರ್ ಕೆಲಸ: ಅವಕಾಶ ಕೊಡೋದು, ನಾಲ್ಕು ಜನರ ಕಣ್ಣಿಗೆ ಬೀಳೋ ಹಾಗೆ ಮಾಡೋದು, ಕಷ್ಟದ ಕೆಲಸ ಒಪ್ಪಿಸೋದು, ಎಡವಟ್ಟಾದಾಗ ಅಡ್ಡ ನಿಲ್ಲೋದು. ಇನ್ನೊಂದು ಮನಸ್ಸಿಗೆ ಸಂಬಂಧಪಟ್ಟಿದ್ದು: ಕೇಳಿಸಿಕೊಳ್ಳೋದು, ನಿನ್ನ ಕೈಲಾಗತ್ತೆ ಅನ್ನೋದು, ಹೀಗೂ ಬದುಕಬಹುದು ಅಂತ ತಾವೇ ಬದುಕಿ ತೋರಿಸೋದು.

ಇದು ಕೇಳೋಕೆ ಪುಸ್ತಕದ ಮಾತು ಅನ್ಸತ್ತೆ, ಆದ್ರೆ ಆಸ್ಪತ್ರೆ ವಾರ್ಡಲ್ಲಿ ಇದು ಹೇಗೆ ಕಾಣತ್ತೆ ನೋಡಿ. ಒಬ್ಳು ಹೌಸ್ ಸರ್ಜನ್ ಹುಡುಗಿಗೆ ಸರ್ಜರಿ ಇಷ್ಟ. ಸುತ್ತ ಇರೋ ಹತ್ತು ಜನರಲ್ಲಿ ಒಂಬತ್ತು ಜನ ಹೇಳೋದು ಒಂದೇ, "ಹೆಣ್ಣುಮಕ್ಕಳಿಗೆ ಸರ್ಜರಿ ಯಾಕಮ್ಮಾ, ಡರ್ಮಾ ತಗೋ, ರೇಡಿಯಾಲಜಿ ತಗೋ, ನೈಟ್ ಡ್ಯೂಟಿ ಇರಲ್ಲ, ಆರಾಮ". ಅವರ್ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳೋದು. ಹತ್ತನೇ ಅವರು ಉಪದೇಶ ಏನೂ ಮಾಡಲ್ಲ, "ನಾಳೆ ಎಂಟು ಗಂಟೆಗೆ ಓಟಿಗೆ ಬಾ, ಹರ್ನಿಯಾ ಕೇಸ್ ಇದೆ, ಸ್ಕ್ರಬ್ ಆಗು, ರಾತ್ರಿ ಅನಾಟಮಿ ಓದ್ಕೊಂಡು ಬಾ" ಅಂತಾರೆ. ಮಾರನೇ ದಿನ ಕೊಯ್ದ ಜಾಗ ಅಗಲಿಸಿ ಹಿಡಿಯೋ ರಿಟ್ರಾಕ್ಟರ್ ಕೈಗೆ ಕೊಡ್ತಾರೆ, ಕೊನೇಲಿ ಚರ್ಮಕ್ಕೆ ಎರಡು ಹೊಲಿಗೆ ಹಾಕಿಸ್ತಾರೆ, ಹೊರಗೆ ಬಂದ ಮೇಲೆ ಗಂಟು ಸಡಿಲ ಇತ್ತು ಅಂತ ಬೈತಾರೆ. ಆಮೇಲೆ ಟೀ ಕುಡೀತಾ, ಪಿಜಿ ಮಾಡ್ವಾಗ ಮಗು ಆದ್ರೆ ರಜೆ ಹೇಗೆ ಸಿಗತ್ತೆ, ಯಾವ ಕಾಲೇಜಲ್ಲಿ ಪಿಜಿಗಳ ಕೈಗೆ ಕೇಸ್ ಕೊಡ್ತಾರೆ, ಯಾವ ಕಾಲೇಜಲ್ಲಿ ಮೂರು ವರ್ಷ ಬರೀ ಡಿಸ್ಚಾರ್ಜ್ ಸಮ್ಮರಿ ಬರೆಸ್ತಾರೆ ಅನ್ನೋದೆಲ್ಲ ಹೇಳ್ತಾರೆ. ಮೆಂಟರಿಂಗ್ ಅಂದ್ರೆ ಇಷ್ಟೇ. ಆದ್ರೆ ಈ ಕೊನೆ ಮಾಹಿತಿ ಇದೆಯಲ್ಲ, ಅದು ಯಾವ ವೆಬ್‌ಸೈಟಲ್ಲೂ ಸಿಗಲ್ಲ, ಯಾವ ಪ್ರಾಸ್ಪೆಕ್ಟಸಲ್ಲೂ ಅಚ್ಚಾಗಲ್ಲ, ಬಾಯಿಂದ ಬಾಯಿಗೇ ಹೋಗಬೇಕು, ಹಾಗಾಗಿ ಆ ಬಾಯಿ ಪರಿಚಯ ಇಲ್ಲದೋರಿಗೆ ಅದು ಇಲ್ಲವೇ ಇಲ್ಲ.

ಈಗ ಮೂರನೇ ಒಂದು ಪಾತ್ರ ಇದೆ, ಸ್ಪಾನ್ಸರ್ ಅಂತಾರೆ. ದುಡ್ಡು ಕೊಡೋರಲ್ಲ. ನೀವಿಲ್ಲದ ರೂಮಲ್ಲಿ ನಿಮ್ಮ ಹೆಸರು ಹೇಳೋರು. ಕಾನ್ಫರೆನ್ಸಿಗೆ ಯಾರನ್ನ ಕಳಿಸೋಣ, ಹೊಸ ಪ್ರಾಜೆಕ್ಟ್‌ಗೆ ಯಾರನ್ನ ಹಾಕೋಣ, ಯೂನಿಟ್ ಚೀಫ್ ಯಾರಾಗ್ಬೇಕು ಅನ್ನೋ ಮಾತು ಬಂದಾಗ "ಆ ಹುಡುಗಿಗೆ ಕೊಡಿ, ಮಾಡ್ತಾಳೆ, ನಾನು ಗ್ಯಾರಂಟಿ" ಅನ್ನೋರು. ಮೆಂಟರ್ ನಿಮ್ಮ ಜೊತೆ ಮಾತಾಡ್ತಾರೆ, ಸ್ಪಾನ್ಸರ್ ನಿಮ್ಮ ಬಗ್ಗೆ ಬೇರೆಯವರ ಜೊತೆ ಮಾತಾಡ್ತಾರೆ, ಅದೂ ತಮ್ಮ ಮರ್ಯಾದೆ ಪಣಕ್ಕಿಟ್ಟು. 2010ರಲ್ಲಿ ಹರ್ಮಿನಿಯಾ ಇಬಾರಾ ಮತ್ತು ಜೊತೆಯವರು ದೊಡ್ಡ ಕಂಪನಿಗಳ ಬಗ್ಗೆ ಬರೆದಿದ್ದು ಇದನ್ನೇ: ಹೆಂಗಸರಿಗೆ ಮೆಂಟರ್‌ಗಳು ಕಮ್ಮಿ ಇಲ್ಲ, ಆದ್ರೂ ಪ್ರಮೋಷನ್ ಗಂಡಸರಿಗೇ ಜಾಸ್ತಿ, ಯಾಕಂದ್ರೆ ಹೆಂಗಸರಿಗೆ ಸಿಗೋದು ಸಲಹೆ, ಗಂಡಸರಿಗೆ ಸಿಗೋದು ಶಿಫಾರಸು. ಅದು ಕಂಪನಿಗಳ ಲೆಕ್ಕ, ಆಸ್ಪತ್ರೆ ಲ್ಯಾಬುಗಳದ್ದಲ್ಲ ನಿಜ, ಆದ್ರೆ ಯಾವುದಾದ್ರೂ ಡಿಪಾರ್ಟ್‌ಮೆಂಟಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಹೆಣ್ಣುಮಗಳ ಹತ್ರ ಇದನ್ನ ಹೇಳಿ ನೋಡಿ, ನಗ್ತಾರೆ, "ಇದಕ್ಕೆ ರಿಸರ್ಚ್ ಬೇರೆ ಬೇಕಿತ್ತಾ" ಅಂತ.

ನಮ್ಮ ಕೊಡಗಿನವರಿಗೆ ಇದನ್ನ ಅರ್ಥ ಮಾಡ್ಕೊಳ್ಳೋದು ಸುಲಭ, ಯಾಕಂದ್ರೆ ನಾವು ಇದನ್ನ ಹಾಕಿಯಲ್ಲೂ ಸೈನ್ಯದಲ್ಲೂ ದಿನಾ ಮಾಡ್ತೀವಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕುಟುಂಬ ಹಾಕಿಯನ್ನೇ ತಗೊಳ್ಳಿ. ಸ್ಕೂಲ್ ಹುಡುಗ ತನ್ನ ಒಕ್ಕದ, ಅಂದ್ರೆ ಮನೆತನದ, ಟೀಮಲ್ಲಿ ಚಿಕ್ಕಪ್ಪಂದಿರ ಜೊತೆ ಆಡ್ತಾನೆ, ಆ ಚಿಕ್ಕಪ್ಪಂದಿರಲ್ಲಿ ಒಬ್ರು ಯಾವುದೋ ಕಾಲದಲ್ಲಿ ಡಿಪಾರ್ಟ್‌ಮೆಂಟ್ ಟೀಮಿಗೆ ಆಡಿದ್ದೋರು, ಗ್ಯಾಲರೀಲಿ ಕೂತ ಇನ್ನೊಬ್ರಿಗೆ ಸ್ಪೋರ್ಟ್ಸ್ ಹಾಸ್ಟೆಲ್ ಕೋಚ್ ಗೊತ್ತು, ಸಾಯಂಕಾಲದೊಳಗೆ "ಆ ಹುಡುಗನ್ನ ಕಳಿಸಿ" ಅಂತ ಫೋನ್ ಹೋಗಿರತ್ತೆ. ಹಾಗೇ ಸೈನ್ಯದಲ್ಲಿ ಆಫೀಸರ್ ಆಗೋಕೆ ನಡೆಯೋ ಎಸ್‌ಎಸ್‌ಬಿ ಇಂಟರ್‌ವ್ಯೂಲಿ ಏನು ಕೇಳ್ತಾರೆ ಅಂತ ತಿಳ್ಕೋಬೇಕಾ, ಪಕ್ಕದ ತೋಟದ ರಿಟೈರ್ಡ್ ಕರ್ನಲ್ ಮಾವನ ಮನೆಗೆ ಹೋದ್ರೆ ಸಾಕು. ಯಾರೂ ಇದಕ್ಕೆ ಮೆಂಟರ್‌ಶಿಪ್ ಪ್ರೋಗ್ರಾಂ ಅಂತ ಬ್ಯಾನರ್ ಹಾಕಲ್ಲ. ಅದೇ ಮನೆ ಹುಡುಗಿ ನ್ಯೂರೋಸೈನ್ಸಲ್ಲಿ ಪಿಎಚ್‌ಡಿ ಮಾಡ್ತೀನಿ ಅಂದ್ರೆ ಇಡೀ ನಾಡಲ್ಲಿ ಕೇಳೋಕೆ ಯಾರೂ ಹೊಳೆಯಲ್ಲ. ಜನ ಇಲ್ಲ ಅಂತಲ್ಲ. ಐನ್‌ಮನೆಗಳನ್ನ, ಅಂದ್ರೆ ಕೊಡವ ಮನೆತನಗಳ ಮೂಲ ಮನೆಗಳನ್ನ, ಊರೂರು ಸುತ್ತಿ ದಾಖಲೆ ಮಾಡಿದ ಬೋವೇರಿಯಂಡ ನಂಜಮ್ಮ ಚಿಣ್ಣಪ್ಪನವರು ಅಂದ್ರೆ ನಮ್ಮಲ್ಲಿ ಗೌರವ, ಆದ್ರೆ ಅವರ ವೃತ್ತಿ ಸಂಖ್ಯಾಶಾಸ್ತ್ರ, ಸ್ಟ್ಯಾಟಿಸ್ಟಿಕ್ಸ್ ಕೆನಡಾದಲ್ಲಿ ಕೆಲಸ ಮಾಡಿದೋರು, ಸಮೀಕ್ಷಾ ಸಂಖ್ಯಾಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷರಾಗಿದ್ದೋರು. ನಮ್ಮ ಹುಡುಗಿಯರ ಕ್ಲಾಸಲ್ಲಿ ಅವರ ಈ ಮುಖ ಪರಿಚಯ ಮಾಡಿಸಿ ನೋಡಿ, ಸ್ಟ್ಯಾಟಿಸ್ಟಿಕ್ಸ್ ಕಡೆ ತಲೆ ಎತ್ತಿ ನೋಡೋರು ಇಬ್ಬರಾದ್ರೂ ಸಿಗ್ತಾರೆ.

ಹುಡುಗಿಯರಿಗೇ ಯಾಕೆ ಇದು ಜಾಸ್ತಿ ಕಷ್ಟ

"ಹುಡುಗರಿಗೂ ಮೆಂಟರ್ ಬೇಕಲ್ವಾ" ಅಂತ ಕೇಳ್ತಾರೆ. ಬೇಕು. ಆದ್ರೆ ಅವರಿಗೆ ಅದು ಬೇಗ ಸಿಗತ್ತೆ, ಅದೂ ಗೊತ್ತಿಲ್ಲದ ಹಾಗೆ. 2012ರಲ್ಲಿ ಅಮೆರಿಕದಲ್ಲಿ ಕೊರಿನ್ ಮಾಸ್-ರಾಕುಸಿನ್ ಅನ್ನೋರು ಒಂದು ಪ್ರಯೋಗ ಮಾಡಿದ್ರು. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಪ್ರೊಫೆಸರ್‌ಗಳು 127 ಜನ. ಲ್ಯಾಬ್ ಮ್ಯಾನೇಜರ್ ಕೆಲಸಕ್ಕೆ ಒಂದೇ ಅರ್ಜಿ ಎಲ್ಲರಿಗೂ ಹೋಯ್ತು, ಒಂದು ಅಕ್ಷರ ವ್ಯತ್ಯಾಸ ಇಲ್ಲ, ಅರ್ಧ ಜನರ ಅರ್ಜೀಲಿ ಹೆಸರು ಜಾನ್, ಇನ್ನರ್ಧ ಜನರ ಅರ್ಜೀಲಿ ಜೆನಿಫರ್. ಜಾನ್‌ಗೆ ಸರಾಸರಿ 30,238 ಡಾಲರ್ ಸಂಬಳ ಕೊಡಬಹುದು ಅಂದ್ರು, ಜೆನಿಫರ್‌ಗೆ 26,508. ಸಂಬಳದ ವಿಷ್ಯ ಎಲ್ಲಾರೂ ಹೇಳ್ತಾರೆ, ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದು ಕಾಲಂ. "ಈ ವ್ಯಕ್ತಿಗೆ ನೀವು ಎಷ್ಟು ಮೆಂಟರಿಂಗ್ ಮಾಡೋಕೆ ತಯಾರಿದ್ದೀರಿ" ಅಂತಲೂ ಕೇಳಿದ್ರು, ಅಲ್ಲೂ ಜಾನ್‌ಗೇ ಜಾಸ್ತಿ. ಮತ್ತೆ ಹೀಗೆ ಮಾಡಿದ್ದು ಗಂಡು ಪ್ರೊಫೆಸರ್‌ಗಳು ಮಾತ್ರ ಅಲ್ಲ, ಹೆಣ್ಣು ಪ್ರೊಫೆಸರ್‌ಗಳೂ ಅಷ್ಟೇ. ಅಂದ್ರೆ ಹೆಂಗಸರು ಮೇಲಕ್ಕೆ ಬಂದ ತಕ್ಷಣ ಎಲ್ಲಾ ಸರಿಹೋಗತ್ತೆ ಅನ್ನೋದು ಅಷ್ಟು ಸಲೀಸಲ್ಲ.

ಇದು ಪೇಪರಿನ ಲೆಕ್ಕ, ದಿನನಿತ್ಯದ ಲೆಕ್ಕ ಇನ್ನೂ ಸೂಕ್ಷ್ಮ. ಕೆಲಸದ ಮಾತು ಕೆಲಸದ ಜಾಗದಲ್ಲಿ ಮಾತ್ರ ನಡೆಯಲ್ಲ, ಓಟಿ ಡ್ರೆಸ್ಸಿಂಗ್ ರೂಮಲ್ಲಿ ನಡೆಯತ್ತೆ, ರಾತ್ರಿ ಒಂಬತ್ತಕ್ಕೆ ಟೀ ಅಂಗಡಿ ಹತ್ರ ನಡೆಯತ್ತೆ, ಕಾನ್ಫರೆನ್ಸ್ ಮುಗಿದ ಮೇಲೆ ಗ್ಲಾಸ್ ಹಿಡ್ಕೊಂಡು ನಿಂತಲ್ಲಿ ನಡೆಯತ್ತೆ. ಅಲ್ಲಿ ನಮ್ಮ ಹುಡುಗಿ ಇರಲ್ಲ, ಹಾಸ್ಟೆಲ್ ಗೇಟ್ ಹಾಕಿರತ್ತೆ. ಇದ್ರೂ ಮಾತು ಹುಟ್ಟತ್ತೆ. ಹಿರಿಯ ಗಂಡು ಡಾಕ್ಟರ್‌ಗೂ ಆ ಭಯ ಇರತ್ತೆ, ಹುಡುಗಿ ಜೊತೆ ಒಂದು ಗಂಟೆ ಕೂತು ಮಾತಾಡಿದ್ರೆ ಯಾರು ಏನಂತಾರೋ ಅಂತ ದೂರ ಇಡ್ತಾರೆ. ಜೊತೆಗೆ ವಯಸ್ಸಿನ ಲೆಕ್ಕ ಬೇರೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಪಿಜಿ ಸೀಟಿಗೆ ಒಂದೆರಡು ವರ್ಷ ಓದು, ಪಿಜಿ ಮೂರು. ಸೈನ್ಸ್ ಕಡೆಯಾದ್ರೆ ಎಂಎಸ್ಸಿ ಆಗಿ ಪಿಎಚ್‌ಡಿ ಐದು ವರ್ಷ, ಆಮೇಲೆ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಮುಗಿದ ಮೇಲಿನ ಸಂಶೋಧನೆ ಕೆಲಸ. ಕೆರಿಯರ್ ಗಟ್ಟಿಯಾಗೋ ವಯಸ್ಸು, ಮದುವೆ, ಮಗು, ಅತ್ತೆ ಮಾವನ ಬಿಪಿ ಶುಗರ್ ಎಲ್ಲಾ ಒಂದೇ ಐದಾರು ವರ್ಷದಲ್ಲಿ ಬಂದು ಕೂರತ್ತೆ. ಆ ಹೊತ್ತಲ್ಲಿ ಒಬ್ರು "ಬಿಡಬೇಡ, ಹೀಗೆ ಮಾಡಿದ್ರೆ ಸಾಗತ್ತೆ" ಅಂತ ದಾರಿ ತೋರಿಸಿದ್ರೆ ಉಳೀತಾರೆ, ಇಲ್ದಿದ್ರೆ "ಆಮೇಲೆ ನೋಡೋಣ" ಅಂತ ನಿಲ್ಲಿಸಿ ಅಲ್ಲಿಗೇ ಮುಗಿಯತ್ತೆ.

ಸಣ್ಣ ಉದಾಹರಣೆ ಕೊಡ್ತೀನಿ. ಯುಜಿಸಿಯ 2016ರ ಪಿಎಚ್‌ಡಿ ನಿಯಮದಲ್ಲೇ ಹೆಣ್ಣುಮಕ್ಕಳಿಗೆ ಥೀಸಿಸ್ ಮುಗಿಸೋಕೆ ಎರಡು ವರ್ಷ ಹೆಚ್ಚುವರಿ ಟೈಮ್ ಇದೆ, ಒಂದು ಸಲ 240 ದಿನದ ತನಕ ಹೆರಿಗೆ ಅಥವಾ ಮಗು ನೋಡ್ಕೊಳ್ಳೋ ರಜೆ ಇದೆ, 2022ರ ಹೊಸ ನಿಯಮದಲ್ಲೂ ಅದು ಮುಂದುವರಿದಿದೆ. ಇದು ಗೊತ್ತಿಲ್ಲದೆ ಪಿಎಚ್‌ಡಿ ಬಿಟ್ಟು ಮನೇಲಿ ಕೂತ ಹುಡುಗಿಯನ್ನ ನಾನು ನೋಡಿದ್ದೀನಿ. ಡಿಪಾರ್ಟ್‌ಮೆಂಟಲ್ಲಿ ಒಬ್ರಿಗೂ ಹೇಳ್ಬೇಕು ಅನ್ಸಿಲ್ಲ.

ಹಳೇ ಮೂರು ಕಥೆ

ಕಮಲಾ ಸೋಹನಿ ಕಥೆ ಹಲವರಿಗೆ ಅರ್ಧ ಗೊತ್ತು. 1933ರಲ್ಲಿ ಬಾಂಬೆ ಯೂನಿವರ್ಸಿಟಿಗೆ ಫಸ್ಟ್ ಬಂದ ಹುಡುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ್ರೆ, ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದ್ರು. ಆಕೆ ಬಿಡದೆ ಹಠ ಹಿಡಿದ ಮೇಲೆ ಒಂದು ವರ್ಷ ಪ್ರೊಬೇಷನ್ ಅಂತ ಷರತ್ತು ಹಾಕಿ ಸೇರಿಸಿಕೊಂಡ್ರು. ಇಷ್ಟು ಎಲ್ಲಾರೂ ಹೇಳ್ತಾರೆ, ಯಾಕಂದ್ರೆ ರಾಮನ್ ಹೆಸರು ದೊಡ್ಡದು. ಉಳಿದರ್ಧ ಎಂ. ಶ್ರೀನಿವಾಸಯ್ಯ ಅನ್ನೋರದ್ದು. ಆ ಹುಡುಗಿಗೆ ಅಲ್ಲಿ ಗೈಡ್ ಆದೋರು ಅವರು. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿಸಿದ್ರು, ರಿಯಾಯಿತಿ ತೋರಿಸದೆ ಬಿಗಿಯಾಗಿ ಕಲಿಸಿದ್ರು. ಆ ವರ್ಷದ ಕೆಲಸ ನೋಡಿ ರಾಮನ್ ಒಪ್ಪಬೇಕಾಯ್ತು, ಆಮೇಲೆ ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೀತು, ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ತಗೊಂಡ್ರು. ಬಾಗಿಲು ಒದ್ದು ಒಳಗೆ ಹೋದದ್ದು ಆಕೆಯ ಧೈರ್ಯ, ಆದ್ರೆ ಒಳಗೆ ಹೋದ ಮೇಲೆ ಕಲಿಸೋರು ಒಬ್ರು ಇಲ್ದಿದ್ರೆ ಆ ಪ್ರೊಬೇಷನ್ ವರ್ಷ ಏನಾಗ್ತಿತ್ತೋ.

ಅದೇ ರಾಮನ್ ಲ್ಯಾಬಲ್ಲಿ ಆಮೇಲೆ ಅನ್ನಾ ಮಣಿ ಕೆಲಸ ಮಾಡಿದ್ರು, ವಜ್ರ ಮತ್ತು ಮಾಣಿಕ್ಯ ಬೆಳಕು ಸೂಸೋ ಬಗೆ ಮೇಲೆ. ಒಬ್ಬರೇ ಲೇಖಕಿಯಾಗಿ ಐದು ಪೇಪರ್ ಬರೆದ್ರು, 1945ರಲ್ಲಿ ಥೀಸಿಸ್ ಕೊಟ್ರು. ಮದ್ರಾಸ್ ಯೂನಿವರ್ಸಿಟಿ, ನಿಮಗೆ ಎಂಎಸ್ಸಿ ಡಿಗ್ರಿ ಇಲ್ಲ, ಪಿಎಚ್‌ಡಿ ಕೊಡೋಕಾಗಲ್ಲ ಅಂತ ಹೇಳಿಬಿಡ್ತು. ಕೆಲಸ ಇತ್ತು, ಪೇಪರ್ ಇತ್ತು, ನೊಬೆಲ್ ಬಂದಿರೋ ವಿಜ್ಞಾನಿಯ ಲ್ಯಾಬ್ ಇತ್ತು, ಆದ್ರೆ ಕಾಗದದ ಒಂದು ಷರತ್ತಿಗೆ ಎಲ್ಲಾ ನಿಂತುಹೋಯ್ತು. ಆಕೆ ಮುಂದೆ ಹವಾಮಾನ ಇಲಾಖೆ ಸೇರಿ ದೇಶದ ಹವಾಮಾನ ಉಪಕರಣಗಳನ್ನ ಕಟ್ಟಿ ಉಪ ಮಹಾನಿರ್ದೇಶಕಿ ಆದ್ರು, ಅದು ಬೇರೆ ಮಾತು. ನನ್ನ ಅಭಿಪ್ರಾಯ ಏನಂದ್ರೆ, ಹೆಸರು ದೊಡ್ಡದಿರೋ ಲ್ಯಾಬ್ ಸಿಕ್ಕಿದ್ರೆ ಮೆಂಟರಿಂಗ್ ತಾನಾಗೇ ಸಿಗತ್ತೆ ಅಂತ ಅಂದ್ಕೋಬಾರ್ದು. ಫಾರಂ, ರಿಜಿಸ್ಟ್ರೇಷನ್, ಕೊನೆ ದಿನಾಂಕ, ಅರ್ಹತೆ, ಇದನ್ನ ಕೂತು ನೋಡೋರೂ ಬೇಕು, ಅವರು ವಿಜ್ಞಾನಿಯೇ ಆಗ್ಬೇಕು ಅಂತಿಲ್ಲ, ಯೂನಿವರ್ಸಿಟಿ ಆಫೀಸಿನ ಸೂಪರಿಂಟೆಂಡೆಂಟ್ ಅಕ್ಕ ಕೂಡ ಆಗ್ಬಹುದು.

ಇನ್ನೊಂದು ಆನಂದಿಬಾಯಿ ಜೋಶಿ. ಅಮೆರಿಕದ ನ್ಯೂಜೆರ್ಸೀಲಿದ್ದ ಥಿಯೋಡಿಷಿಯಾ ಕಾರ್ಪೆಂಟರ್ ಅನ್ನೋ ಗೃಹಿಣಿ ಒಂದು ಪತ್ರಿಕೆಯಲ್ಲಿ ಆನಂದಿಬಾಯಿ ಓದೋ ಆಸೆ ಬಗ್ಗೆ ಓದಿ ಕಾಗದ ಬರೆಯೋಕೆ ಶುರು ಮಾಡಿದ್ರು, ಕೊನೆಗೆ ತಮ್ಮ ಮನೇಲೇ ಇಟ್ಕೊಂಡು ಕಾಲೇಜಿಗೆ ಸೇರಿಸಿದ್ರು. 1886ರಲ್ಲಿ ಆನಂದಿಬಾಯಿ ಪೆನ್ಸಿಲ್ವೇನಿಯಾದ ಮಹಿಳಾ ಮೆಡಿಕಲ್ ಕಾಲೇಜಿಂದ ಡಾಕ್ಟರ್ ಆಗಿ ಹೊರಬಂದ್ರು. ಕಾರ್ಪೆಂಟರ್‌ಗೆ ಮೆಡಿಸಿನ್ ಬಗ್ಗೆ ಏನೂ ಗೊತ್ತಿರಲಿಲ್ಲ. ಇದ್ದದ್ದು ಮನೆ, ಪರಿಚಯ, ಮತ್ತೆ ಕಾಗದ ಬರೆಯೋ ತಾಳ್ಮೆ.

ಒಬ್ರಲ್ಲೇ ಎಲ್ಲಾ ಹುಡುಕಬೇಡಿ

ಈ ಮೂರು ಕಥೆ ಹೇಳಿದ್ದು ಯಾಕಂದ್ರೆ, ನಮ್ಮ ಹುಡುಗಿಯರ ತಲೇಲಿ ಮೆಂಟರ್ ಅಂದ್ರೆ ಒಬ್ಬ ಮಹಾಗುರು, ಎಲ್ಲಾ ಗೊತ್ತಿರೋರು, ಜೀವನಪೂರ್ತಿ ಕೈ ಹಿಡಿಯೋರು ಅಂತ ಕೂತ್ಬಿಟ್ಟಿದೆ. ಅಂಥವರು ಸಿಗಲ್ಲ, ಸಿಕ್ಕಿದ್ರೂ ಅವರಿಗೆ ಟೈಮ್ ಇರಲ್ಲ. ಕೆಲಸ ಹಂಚಿ. ಸಬ್ಜೆಕ್ಟ್ ಕಲಿಸೋಕೆ ಒಬ್ರು, ನಿಯಮ ಫಾರಂ ಗೊತ್ತಿರೋರು ಒಬ್ರು, ಹೆಸರು ಹೇಳೋಕೆ ಒಬ್ರು, ಮಗು ಇಟ್ಕೊಂಡು ಡ್ಯೂಟಿ ಹೇಗೆ ನಡೆಸಿದ್ರು ಅಂತ ಹೇಳೋಕೆ ಒಬ್ರು, ಸುಮ್ನೆ ಅಳೋಕೆ ಒಬ್ರು. ಕೊನೆಯದು ನಗೋ ವಿಷ್ಯ ಅಲ್ಲ. ನೈಟ್ ಡ್ಯೂಟೀಲಿ ಒಂದು ಮಗು ಕೈ ಮೇಲೆ ಹೋದ ದಿನ ಥೀಸಿಸ್ ಗೈಡ್‌ಗೆ ಫೋನ್ ಮಾಡೋಕಾಗಲ್ಲ.

ಇದರಲ್ಲಿ ಎಲ್ಲಾರೂ ಮರೆಯೋದು ಎರಡು ಮೂರು ವರ್ಷ ಸೀನಿಯರ್ ಆಗಿರೋರನ್ನ. 2017ರಲ್ಲಿ ತಾರಾ ಡೆನ್ನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ ಅಮೆರಿಕದಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಹುಡುಗಿಯರು 150 ಜನರ ಮೇಲೆ ಮಾಡಿದ ಅಧ್ಯಯನ ನೋಡಿ. ಕೆಲವರಿಗೆ ಸೀನಿಯರ್ ಹುಡುಗಿ ಮೆಂಟರ್, ಕೆಲವರಿಗೆ ಸೀನಿಯರ್ ಹುಡುಗ, ಕೆಲವರಿಗೆ ಯಾರೂ ಇಲ್ಲ. ಪ್ರೊಫೆಸರ್‌ಗಳಲ್ಲ, ಅದೇ ಕಾಲೇಜಿನ ವಿದ್ಯಾರ್ಥಿಗಳು. ಮೊದಲ ವರ್ಷದ ಕೊನೆಗೆ ಸೀನಿಯರ್ ಹುಡುಗಿ ಮೆಂಟರ್ ಆಗಿದ್ದ ಗುಂಪಲ್ಲಿ ಒಬ್ಳೂ ಇಂಜಿನಿಯರಿಂಗ್ ಬಿಟ್ಟು ಹೋಗಿರಲಿಲ್ಲ, ಉಳಿದ ಎರಡು ಗುಂಪಲ್ಲಿ ಬಿಟ್ಟು ಹೋದವರಿದ್ರು. ಕುತೂಹಲ ಏನಂದ್ರೆ ಮೆಂಟರ್ ಇದ್ದಿದ್ದಕ್ಕೆ ಮಾರ್ಕ್ಸ್ ಏನೂ ಏರಿರಲಿಲ್ಲ, ಉಳಿದಿದ್ದು "ನಾನೂ ಇಲ್ಲಿಯವಳೇ" ಅನ್ನೋ ಭಾವನೆ. ಹಾಗಂತ ಗಂಡು ಮೆಂಟರ್ ಬೇಡ ಅಂತ ಅರ್ಥ ಮಾಡ್ಕೋಬೇಡಿ, ಶ್ರೀನಿವಾಸಯ್ಯನವರು ಗಂಡಸೇ. ಮತ್ತೆ ಹಲವು ಡಿಪಾರ್ಟ್‌ಮೆಂಟಲ್ಲಿ ಅಧಿಕಾರ ಇರೋದು ಗಂಡಸರ ಕೈಯಲ್ಲೇ ಆಗಿರೋವಾಗ ಹೆಸರು ಹೇಳೋ ಕೆಲಸಕ್ಕೆ ಅವರು ಬೇಕೇ ಬೇಕು.

ಕೊಡಗಿಗೆ ಸೀನಿಯರ್ ಹುಡುಗಿಯರ ಲೆಕ್ಕ ಇನ್ನೂ ಮುಖ್ಯ. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿದ್ದು 2016ರಲ್ಲಿ. ಅಂದ್ರೆ ಅಲ್ಲಿ ಓದಿದ ಮೊದಲ ಬ್ಯಾಚಿನವರೇ ಇನ್ನೂ ಚಿಕ್ಕವರು, ಪ್ರೊಫೆಸರ್ ಆಗಿ ಕೂತು ಕೈ ಹಿಡಿದು ಎತ್ತೋ ಹಳೇ ವಿದ್ಯಾರ್ಥಿಗಳು ಸದ್ಯಕ್ಕೆ ಇಲ್ಲ. ಮೈಸೂರು ಮೆಡಿಕಲ್ ಕಾಲೇಜು 1924ರದ್ದು, ಅಲ್ಲಿಯ ಹುಡುಗಿ ಯಾವ ಊರಿಗೆ ಹೋದ್ರೂ "ಓ ನೀನೂ ನಮ್ಮ ಕಾಲೇಜಾ" ಅನ್ನೋರು ಸಿಗ್ತಾರೆ. ಆ ವ್ಯತ್ಯಾಸ ಮೆರಿಟ್ ಲಿಸ್ಟಲ್ಲಿ ಕಾಣಲ್ಲ. ಸೈನ್ಸ್ ಕಡೆ ನಾವು ಅಷ್ಟು ಬಡವರಲ್ಲ, ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜು 1995ರಿಂದ ಇದೆ, ಚೆಟ್ಟಳ್ಳೀಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ನಡೆಯತ್ತೆ. ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ ವಿಜ್ಞಾನಿಗಳಿದ್ದಾರೆ. ನಮ್ಮ ಬಿಎಸ್ಸಿ ಹುಡುಗಿಯರು ಆ ಬೋರ್ಡ್ ನೋಡ್ಕೊಂಡು ಬಸ್ಸಲ್ಲಿ ಮುಂದೆ ಹೋಗ್ತಾರೆ.

ಕೇಳೋದು ಹೇಗೆ

"ನನಗೆ ಮೆಂಟರ್ ಆಗಿ" ಅಂತ ಕೇಳಬೇಡಿ. ಯಾವ ಬಿಜಿ ಮನುಷ್ಯರಿಗೂ ಅದು ಭಾರ ಅನ್ಸತ್ತೆ, ಎಷ್ಟು ದಿನ, ಎಷ್ಟು ಹೊತ್ತು, ಏನು ಮಾಡ್ಬೇಕು ಅಂತ ಗೊತ್ತಾಗಲ್ಲ, ರಿಪ್ಲೈ ಮಾಡದೆ ಬಿಟ್ಬಿಡ್ತಾರೆ. ಒಂದು ಚಿಕ್ಕ, ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿ. ಹೀಗೆ ಬರೆದ್ರೆ ನೋಡಿ:

"ನಮಸ್ಕಾರ ಮೇಡಂ. ನಾನು ವಿರಾಜಪೇಟೆ ಹತ್ರದವಳು, ಮೈಸೂರಲ್ಲಿ ಎಂಎಸ್ಸಿ ಬಾಟನಿ ಎರಡನೇ ವರ್ಷ. ಏಲಕ್ಕಿ ಕಟ್ಟೆ ರೋಗದ ಮೇಲೆ ಪ್ರಾಜೆಕ್ಟ್ ಮಾಡ್ಬೇಕು ಅಂತಿದ್ದೀನಿ. ಎರಡು ಐಡಿಯಾ ಇದೆ, ಒಂದು ರೋಗ ಹರಡೋ ಗಿಡಹೇನಿನ ಬಗ್ಗೆ, ಇನ್ನೊಂದು ರೋಗ ತಡ್ಕೊಳ್ಳೋ ತಳಿಗಳ ಬಗ್ಗೆ. ನಾಲ್ಕು ತಿಂಗಳಲ್ಲಿ ಯಾವುದು ಮುಗಿಸಬಹುದು ಅಂತ ನನಗೆ ಅಂದಾಜು ಸಿಗ್ತಿಲ್ಲ. ಒಂದು ಪುಟದಲ್ಲಿ ಬರೆದು ಜೊತೆಗೆ ಕಳಿಸಿದ್ದೀನಿ. ನಿಮಗೆ ಅನುಕೂಲ ಆದಾಗ 15 ನಿಮಿಷ ಫೋನಲ್ಲಿ ಮಾತಾಡ್ಬಹುದಾ?"

ಇದರಲ್ಲಿ ಊರು ಇದೆ, ಓದು ಇದೆ, ತಾನೇ ಯೋಚನೆ ಮಾಡಿದ್ದಕ್ಕೆ ಸಾಕ್ಷಿ ಇದೆ, ಟೈಮ್ ಎಷ್ಟು ಅಂತ ಇದೆ. ವಾರ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಆಗಲೂ ಉತ್ತರ ಇಲ್ಲ ಅಂದ್ರೆ ಬೇರೆಯವರನ್ನ ನೋಡಿ, ಬೇಜಾರು ಮಾಡ್ಕೋಬೇಡಿ. ಮಾತಾಡಿದ್ರೆ ಅವತ್ತೇ ಸಾಯಂಕಾಲ ಮೂರು ಸಾಲು ಬರೆದು ಕಳಿಸಿ, ನೀವು ಹೇಳಿದ್ದು ಇದು, ನಾನು ಮಾಡೋದು ಇದು ಅಂತ. ಎರಡು ತಿಂಗಳಾದ ಮೇಲೆ ಏನಾಯ್ತು ಅಂತ ಮತ್ತೆ ಹೇಳಿ. ಈ ಕೊನೆ ಕೆಲಸ ಮಾಡೋರು ತೀರಾ ಕಮ್ಮಿ, ಸಲಹೆ ತಗೊಂಡು ಹೋದವರು ಏನಾದ್ರು ಅಂತಲೇ ಗೊತ್ತಾಗಲ್ಲ, ಅದಕ್ಕೇ ಹೀಗೆ ಮತ್ತೆ ಬಂದು ಹೇಳಿದ ಹುಡುಗಿಯರು ಹಿರಿಯರಿಗೆ ನೆನಪಲ್ಲಿ ಉಳೀತಾರೆ. ಸಲಹೆ ಕೊಟ್ಟೋರು ಹೆಸರು ಹೇಳೋರಾಗಿ ಬದಲಾಗೋದೂ ಇಲ್ಲೇ, ಯಾಕಂದ್ರೆ ಹೇಳಿದ ಕೆಲಸ ಮಾಡ್ತಾಳೆ ಅನ್ನೋ ನಂಬಿಕೆ ಇಲ್ದೆ ಯಾರೂ ತಮ್ಮ ಮರ್ಯಾದೆ ಪಣಕ್ಕಿಡಲ್ಲ.

ಕ್ರಾಮ್ ಇನ್ನೊಂದು ಮಾತೂ ಹೇಳಿದ್ರು, ಈ ಸಂಬಂಧಕ್ಕೆ ಹಂತಗಳಿವೆ, ಶುರುವಾಗತ್ತೆ, ಬೆಳೆಯತ್ತೆ, ಬೇರೆಯಾಗತ್ತೆ, ಆಮೇಲೆ ಇಬ್ರೂ ಸಮಾನರಾಗಿ ಹೊಸ ರೂಪ ತಗೊಳ್ಳತ್ತೆ. ನಮ್ಮಲ್ಲಿ ತೊಂದರೆ ಬರೋದು ಮೂರನೇ ಹಂತದಲ್ಲಿ. ಶಿಷ್ಯೆ ತನ್ನದೇ ಟಾಪಿಕ್ ಹಿಡಿದ್ರೆ, ಬೇರೆ ಊರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ರೆ ಗುರುದ್ರೋಹ ಅನ್ನೋ ಮುಖ ಮಾಡೋರಿದ್ದಾರೆ. ಹೋಗೋಕೆ ಬಿಡದೇ ಇರೋ ಮೆಂಟರ್ ಮೆಂಟರ್ ಅಲ್ಲ, ಅವರಿಗೆ ಬೇಕಿರೋದು ಸಂಬಳ ಇಲ್ಲದ ಅಸಿಸ್ಟೆಂಟ್.

ಕೆಟ್ಟ ಮೆಂಟರಿಂಗ್ ಬಗ್ಗೆ ಬಾಯಿಬಿಟ್ಟು ಮಾತಾಡ್ಬೇಕು. ಸಾಮಾನ್ಯವಾಗಿ ನಡೆಯೋದು ಪೇಪರ್ ಮೇಲಿನ ಹೆಸರಿನ ಜಗಳ. ಮೆಡಿಕಲ್ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮ ಸ್ಪಷ್ಟ ಇದೆ, ಲೇಖಕ ಅನ್ನಿಸಿಕೊಳ್ಳೋಕೆ ನಾಲ್ಕು ಷರತ್ತು: ಕೆಲಸದಲ್ಲಿ ಗಣನೀಯ ಪಾಲು ಇರ್ಬೇಕು, ಬರೆಯೋದ್ರಲ್ಲಿ ಅಥವಾ ತಿದ್ದೋದ್ರಲ್ಲಿ ಕೈ ಇರ್ಬೇಕು, ಕೊನೆ ಪ್ರತಿ ಒಪ್ಪಿರ್ಬೇಕು, ತಪ್ಪಾದ್ರೆ ಹೊಣೆ ಹೊರ್ಬೇಕು. ಎಚ್‌ಓಡಿ, ಅಂದ್ರೆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು, ಆಗಿದ್ದೇ ಅರ್ಹತೆ ಅಂತ ಎಲ್ಲೂ ಬರೆದಿಲ್ಲ. ಹಾಗಾಗಿ ಯಾರ ಹೆಸರು ಎಷ್ಟನೇದು ಅನ್ನೋದನ್ನ ಡೇಟಾ ಕಲೆಕ್ಟ್ ಮಾಡೋ ಮೊದಲೇ ಕೇಳಿ, ನಯವಾಗಿ ಒಂದು ಮೇಲ್ ಹಾಕಿಡಿ. ಕಿರಿಕಿರಿ ಅನ್ಸತ್ತೆ, ಆದ್ರೆ ಮುಗಿದ ಮೇಲೆ ಕೇಳೋದು ಅದರ ಹತ್ತರಷ್ಟು ಕಷ್ಟ. ಇನ್ನೊಂದು ಗಂಭೀರ ವಿಷ್ಯ. ಮೆಂಟರಿಂಗ್ ಹೆಸರಲ್ಲಿ ರಾತ್ರಿ ಬೇಡದ ಮೆಸೇಜ್, ಹೋಟೆಲ್ ರೂಮಲ್ಲೇ ಪ್ರೆಸೆಂಟೇಷನ್ ತಿದ್ದೋಣ ಬಾ ಅನ್ನೋದು, ಮುಟ್ಟೋದು, ಇದು ಮೆಂಟರಿಂಗ್ ಅಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಪ್ರತಿ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಸಮಿತಿ ಸದಸ್ಯರ ಹೆಸರು ಬೋರ್ಡಲ್ಲಿ ಎಲ್ಲಿ ಹಾಕಿದ್ದಾರೆ ಅಂತ ಸೇರಿದ ಮೊದಲ ವಾರವೇ ನೋಡಿಟ್ಕೊಳ್ಳಿ, ಮೆಸೇಜ್‌ಗಳನ್ನ ಡಿಲೀಟ್ ಮಾಡ್ಬೇಡಿ.

ರಿಜಿಸ್ಟರ್ ಒಳಗಿನ ಮೆಂಟರ್

ಇನ್ನು ಸಂಸ್ಥೆಗಳ ಪಾಲು. ಕಾಲೇಜುಗಳಲ್ಲಿ ಈಗ ಮೆಂಟರ್-ಮೆಂಟೀ ಸ್ಕೀಮ್ ಅಂತ ಇದೆ, ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಗೆ ಕೊಡೋ ರಿಪೋರ್ಟಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಅಂತ ತುಂಬಬೇಕು. ಅದಕ್ಕೊಂದು ಉದ್ದ ಪುಸ್ತಕ, ಹೆಸರು, ಫೋನ್ ನಂಬರ್, ಅಪ್ಪನ ಉದ್ಯೋಗ, ಬ್ಲಡ್ ಗ್ರೂಪ್, ಭೇಟಿ ದಿನಾಂಕ, ಚರ್ಚಿಸಿದ ವಿಷಯ, ಸಹಿ. ನ್ಯಾಕ್ ಟೀಮ್ ಬರೋ ಹಿಂದಿನ ವಾರ ಆ ಪುಸ್ತಕ ಸ್ಟಾಫ್ ರೂಮಲ್ಲಿ ಒಂದೇ ಪೆನ್ನಲ್ಲಿ ಒಂದೇ ಕೂರುವಿಕೆಗೆ ತುಂಬೋದನ್ನ ನೋಡದ ಲೆಕ್ಚರರ್ ಇದ್ದಾರಾ? "ಚರ್ಚಿಸಿದ ವಿಷಯ" ಕಾಲಮ್ಮಲ್ಲಿ ಮೇಲಿಂದ ಕೆಳತನಕ "ಹಾಜರಾತಿ, ಓದು" ಅಂತ ಬರೆದು ಕೆಳಗೆ ಡಿಟ್ಟೋ ಡಿಟ್ಟೋ. ಲೆಕ್ಚರರ್‌ಗಳನ್ನೂ ಬೈಯೋಕಾಗಲ್ಲ, ಆ ಕೆಲಸಕ್ಕೆ ಟೈಮ್‌ಟೇಬಲಲ್ಲಿ ಒಂದು ಪೀರಿಯಡ್ ಇಲ್ಲ, ಪ್ರಮೋಷನ್ನಲ್ಲಿ ಅದಕ್ಕೆ ತೂಕ ಇಲ್ಲ, ಮೇಲಿಂದ ಹುಡುಗಿಯರ ಕಷ್ಟಸುಖ ಎಲ್ಲಾ ಇರೋ ಒಬ್ಬಿಬ್ರು ಹೆಣ್ಣು ಸ್ಟಾಫ್ ತಲೆಗೇ ಕಟ್ತಾರೆ. ಅವರು ಸಂಜೆ ಆರರ ತನಕ ಹುಡುಗಿಯರ ಜೊತೆ ಕೂರ್ತಾರೆ, ಆ ಹೊತ್ತಲ್ಲಿ ಪಕ್ಕದ ರೂಮಿನವರು ಪೇಪರ್ ಬರೀತಾರೆ, ಮೂರು ವರ್ಷ ಬಿಟ್ಟು ಯಾರಿಗೆ ಪ್ರಮೋಷನ್ ಅಂತ ಹೇಳೋದೇನೂ ಬೇಡ.

ಸರ್ಕಾರದ ಕಡೆಯಿಂದ ಕೆಲವು ಒಳ್ಳೇ ದಾರಿಗಳಿವೆ. ಕೇಂದ್ರ ವಿಜ್ಞಾನ ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಅಡೀಲಿ ಪಿಎಚ್‌ಡಿಗೆ, ಪೋಸ್ಟ್‌ಡಾಕ್‌ಗೆ, ಮಧ್ಯೆ ಬಿಟ್ಟು ವಾಪಸ್ ಬರೋ ಹೆಂಗಸರಿಗೆ ಬೇರೆಬೇರೆ ಫೆಲೋಶಿಪ್ ಇದೆ. ಹೈಸ್ಕೂಲು, ಪಿಯು ಹುಡುಗಿಯರಿಗೆ ವಿಜ್ಞಾನ ಜ್ಯೋತಿ ಅಂತ ಇದೆ, ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ತನಕ, ಅದು ನವೋದಯ ಶಾಲೆಗಳ ಮೂಲಕ ನಡೆಯತ್ತೆ, ನಮ್ಮ ನವೋದಯ ಇರೋದು ಗಾಳಿಬೀಡಲ್ಲಿ, ಹೋಗಿ ವಿಚಾರಿಸೋದ್ರಲ್ಲಿ ತಪ್ಪಿಲ್ಲ. ಆದ್ರೆ ಫೆಲೋಶಿಪ್ ಅರ್ಜಿಗೂ ಪ್ರಪೋಸಲ್ ಬರೀಬೇಕು, ಅದನ್ನ ಮೊದಲೇ ಬರೆದು ಗೆದ್ದೋರು ಒಬ್ರು ತಮ್ಮ ಹಳೇ ಪ್ರಪೋಸಲ್ ತೋರಿಸಿದ್ರೆ ಕೆಲಸ ಅರ್ಧ ಆದ ಹಾಗೆ. ಸುತ್ತಿ ಸುತ್ತಿ ಮತ್ತೆ ಅದೇ ಮನುಷ್ಯರ ವಿಷ್ಯಕ್ಕೇ ಬರ್ತೀವಿ.

ಅದಕ್ಕೆ ನನ್ನ ಕೊನೆ ಮಾತು ಹುಡುಗಿಯರಿಗಲ್ಲ, ಹಿರಿಯರಿಗೆ. ಬೆಂಗಳೂರು, ವೆಲ್ಲೂರು, ಮಣಿಪಾಲ, ಲಂಡನ್ ಅಂತ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆಗಿ ತೋಟಕ್ಕೆ ವಾಪಸ್ ಬಂದಿರೋ ಡಾಕ್ಟರ್‌ಗಳು, ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು, ಪ್ರೊಫೆಸರ್‌ಗಳು ಮೂರ್ನಾಡಲ್ಲೂ ಇದ್ದಾರೆ, ಸಿದ್ದಾಪುರದಲ್ಲೂ ಇದ್ದಾರೆ, ಶ್ರೀಮಂಗಲದಲ್ಲೂ ಇದ್ದಾರೆ. ಹತ್ತಿರದ ಕಾಲೇಜಿನ ಪ್ರಿನ್ಸಿಪಾಲ್‌ಗೆ ಫೋನ್ ಮಾಡಿ, ನನ್ನ ಸಬ್ಜೆಕ್ಟ್ ಇದು, ತಿಂಗಳಿಗೆ ಇಬ್ರು ಹುಡುಗಿಯರ ಜೊತೆ ಒಂದೊಂದು ಗಂಟೆ ಮಾತಾಡ್ತೀನಿ, ನಂಬರ್ ಕೊಡಿ ಅಂದ್ರೆ ಸಾಕು, ಉದ್ಘಾಟನೆ, ಶಾಲು, ಹಾರ ಯಾವುದೂ ಬೇಡ. ಹುಡುಗಿಯರೇ, ನೀವು ಮಾತ್ರ ಡಿಸೆಂಬರಿಂದ ಫೆಬ್ರವರಿ ಮಧ್ಯೆ ಇವರನ್ನ ಹಿಡಿಯೋಕೆ ಹೋಗ್ಬೇಡಿ, ಕಾಫಿ ಕೊಯ್ಲು, ಆಳು ಸಿಗಲ್ಲ, ಕಣದಲ್ಲಿ ಕಾಫಿ ಒಣಗ್ತಿರತ್ತೆ, ಫೋನ್ ಎತ್ತಿದ್ರೂ ಸಿಡುಕ್ತಾರೆ. ಮಾರ್ಚಲ್ಲಿ ಹೋಗಿ, ಕಾಫಿ ಹೂ ಅರಳಿಸೋ ಹೂ ಮಳೆಗೆ ಕಾಯ್ತಾ ಆಕಾಶ ನೋಡ್ಕೊಂಡು ಜಗಲೀಲಿ ಕೂತಿರ್ತಾರೆ, ಬೇಕಾದಷ್ಟು ಹೊತ್ತು ಮಾತಾಡ್ತಾರೆ.